ಪರದೆ ಕಪ್ಪಾದರೆ ಕಂಪ್ಯೂಟರ್ ಕೆಟ್ಟಿತೆಂದಲ್ಲ

ಮಗಳ ಶಾಲೆಯ ಪ್ರಾಜೆಕ್ಟನ್ನು ಅರ್ಧ ಟೈಪ್ ಮಾಡಿಟ್ಟು ಅನ್ನ ಬಸಿಯಲು ಒಳಗೆ ಹೋಗಿರುತ್ತೀರಿ. ಮರಳಿ ಬರುವಾಗ ಮಾನಿಟರ್ ಪೂರ್ತಿ ಕಪ್ಪು. "ಉಮ್ಮಾ, ಕಂಪ್ಯೂಟರ್ ಹಾಳಾಯ್ತು" ಎಂದು ಮಕ್ಕಳ ಗಲಾಟೆ ಬೇರೆ. ಗಾಬರಿಯಲ್ಲಿ ಕೈ ಮೊದಲು ಹೋಗುವುದು ಸಿಪಿಯುವಿನ ಪವರ್ ಬಟನ್ ಕಡೆಗೆ. ಅದನ್ನು ಕೆಲವು ಸೆಕೆಂಡು ಒತ್ತಿ ಹಿಡಿದರೆ ಕಂಪ್ಯೂಟರ್ ಬಲವಂತವಾಗಿ ಆಫ್ ಆಗುತ್ತದೆ. ಸೇವ್ ಮಾಡದ ಕೆಲಸವೂ ಅದರೊಂದಿಗೆ ಹೋಗುತ್ತದೆ.

ಸಹೋದರಿಯರೇ, ಹೆಚ್ಚಿನ ಸಂದರ್ಭಗಳಲ್ಲಿ ಅದು ರೋಗವಲ್ಲ, ನಿದ್ರೆ. ವಿದ್ಯುತ್ ಉಳಿಸಲೆಂದೇ ಈ ವ್ಯವಸ್ಥೆ ಇದೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 1992ರಲ್ಲಿ ಎನರ್ಜಿ ಸ್ಟಾರ್ ಯೋಜನೆ ಆರಂಭಿಸಿದಾಗ ಅದರಲ್ಲಿ ಮೊದಲು ಸೇರಿದ್ದೇ ಕಂಪ್ಯೂಟರ್ ಮತ್ತು ಮಾನಿಟರ್‌ಗಳು.

ನಿದ್ರೆಯಲ್ಲಿ ಎರಡು ಬಗೆ. ಒಂದರಲ್ಲಿ ಪರದೆ ಮಾತ್ರ ಆರುತ್ತದೆ, ಸಿಪಿಯು ಕೆಲಸ ಮಾಡುತ್ತಲೇ ಇರುತ್ತದೆ. ಇನ್ನೊಂದು 'ಸ್ಲೀಪ್'. ಇದರಲ್ಲಿ ಇಡೀ ಕಂಪ್ಯೂಟರೇ ಮಲಗುತ್ತದೆ.

ಯಾವುದೆಂದು ತಿಳಿಯಲು ಮೊದಲು ಮೌಸ್ ಅಲುಗಾಡಿಸಿ. ಪರದೆ ಬೆಳಗದಿದ್ದರೆ ಕೀಬೋರ್ಡಿನ ನಮ್ ಲಾಕ್ ಕೀ ಒತ್ತಿ. ಅದರ ಪುಟ್ಟ ದೀಪ ಹೊತ್ತಿ ಆರಿದರೆ ಕಂಪ್ಯೂಟರ್ ಎಚ್ಚರವಾಗಿದೆ; ಪವರ್ ಬಟನ್ ಮುಟ್ಟಲೇಬೇಡಿ. ಮಾನಿಟರ್‌ನ ಸ್ವಿಚ್ ಆನ್ ಇದೆಯೇ, ಹಿಂದಿನ ಕೇಬಲ್ ಸಡಿಲವಾಗಿದೆಯೇ ನೋಡಿ. ವಿಂಡೋಸ್ 10 ಅಥವಾ 11 ಇದ್ದರೆ ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ ಈ ನಾಲ್ಕು ಕೀಗಳನ್ನು ಒಟ್ಟಿಗೆ ಒತ್ತಿ. ಅನೇಕ ಸಲ ಪರದೆ ಮರಳಿ ಬರುತ್ತದೆ.

ನಮ್ ಲಾಕ್ ದೀಪ ಅಲುಗದೆ ಸಿಪಿಯುವಿನ ದೀಪ ಮಿಣುಕುತ್ತಿದ್ದರೆ ಅದು ಸ್ಲೀಪ್‌ನಲ್ಲಿರಬಹುದು. ಆಗ ಪವರ್ ಬಟನನ್ನು ಒಮ್ಮೆ ಮಾತ್ರ ಒತ್ತಿ ಬಿಡಿ, ಹಿಡಿದುಕೊಳ್ಳಬೇಡಿ.

ಪರದೆ ಆರುವ ಸಮಯವನ್ನು ನೀವೇ ಬದಲಾಯಿಸಬಹುದು. ಸೆಟ್ಟಿಂಗ್ಸ್ ತೆರೆದು ಸಿಸ್ಟಮ್‌ಗೆ ಹೋಗಿ. ವಿಂಡೋಸ್ 10ರಲ್ಲಿ 'ಪವರ್ ಆಂಡ್ ಸ್ಲೀಪ್', 11ರಲ್ಲಿ 'ಪವರ್' ಎಂಬ ಭಾಗವಿರುತ್ತದೆ. ಅಲ್ಲಿ ಸ್ಕ್ರೀನ್‌ಗೆ 10 ನಿಮಿಷ, ಸ್ಲೀಪ್‌ಗೆ 30 ನಿಮಿಷ ಇಟ್ಟರೆ ಮನೆಗೆ ಸಾಕು. ಮಕ್ಕಳಿಗೆ ಆನ್‌ಲೈನ್ ಪರೀಕ್ಷೆ ಇರುವ ದಿನ ಎರಡನ್ನೂ 'ನೆವರ್' ಎಂದಿಟ್ಟು, ಮುಗಿದ ಮೇಲೆ ಮರಳಿ ಬದಲಾಯಿಸಿ. ಇದನ್ನೆಲ್ಲ ಮಾಡಿದರೂ ಪರದೆ ಆರುತ್ತಿದ್ದರೆ ಮಾನಿಟರ್‌ನ ಸ್ವಂತ ಮೆನುವಿನಲ್ಲಿ ಟೈಮರ್ ಆನ್ ಆಗಿದೆಯೇ ಪರೀಕ್ಷಿಸಿ.

'ನೆವರ್' ಎಂದೇ ಸದಾ ಬಿಟ್ಟರೆ ನಷ್ಟ ನಮ್ಮದೇ. 25 ವ್ಯಾಟ್‌ನ ಮಾನಿಟರ್ ದಿನಕ್ಕೆ 4 ಗಂಟೆ ಸುಮ್ಮನೆ ಉರಿದರೆ ತಿಂಗಳಿಗೆ 3 ಯೂನಿಟ್ ವ್ಯರ್ಥ. ಬಣ್ಣಬಣ್ಣದ ಸ್ಕ್ರೀನ್ ಸೇವರ್ ಹಾಕಿದರೆ ಉಳಿತಾಯವಾಗುತ್ತದೆ ಎಂಬುದು ತಪ್ಪು ತಿಳುವಳಿಕೆ. ಆಗಲೂ ಪರದೆ ಉರಿಯುತ್ತಲೇ ಇರುತ್ತದೆ. ಒಂದೇ ಚಿತ್ರ ಬಹಳ ಹೊತ್ತು ನಿಂತು ಹಳೆಯ ಟ್ಯೂಬ್ ಮಾನಿಟರ್‌ಗಳಲ್ಲಿ ಕಲೆ ಬೀಳದಿರಲೆಂದು ಅದು ಬಂದದ್ದು.

ಮೆಕ್ಯಾನಿಕ್‌ನನ್ನು ಕರೆಯುವ ಮೊದಲು ಇನ್ನೊಂದು ಪರೀಕ್ಷೆ ಮಾಡಿ. ಕೋಣೆಯ ದೀಪ ಆರಿಸಿ ಪರದೆಯ ಮೇಲೆ ಓರೆಯಾಗಿ ಟಾರ್ಚ್ ಹಿಡಿಯಿರಿ. ಮಸುಕಾಗಿ ಅಕ್ಷರ ಕಂಡರೆ ಮಾನಿಟರ್‌ನ ಒಳಬೆಳಕು ಕೆಟ್ಟಿದೆ ಎಂದರ್ಥ. ಸಿಪಿಯು ಬಿಚ್ಚುವ ಅಗತ್ಯವಿಲ್ಲ ಎಂದು ಅವನಿಗೆ ನೀವೇ ಹೇಳಬಹುದು. "ನೋ ಸಿಗ್ನಲ್" ಎಂದು ಬಂದರೆ ಮಾನಿಟರ್ ಸರಿಯಿದೆ. ಕೇಬಲ್ ಅಥವಾ ಸಿಪಿಯು ಕಡೆ ನೋಡಬೇಕು.

ಎಲ್ಲಕ್ಕಿಂತ ಮುಖ್ಯವಾದ ಅಭ್ಯಾಸ ಒಂದಿದೆ. ಕುರ್ಚಿಯಿಂದ ಏಳುವ ಮೊದಲು ಕಂಟ್ರೋಲ್ ಮತ್ತು ಎಸ್ ಒತ್ತಿ ಸೇವ್ ಮಾಡಿ. ಮಲಗಿರುವ ಕಂಪ್ಯೂಟರಿಗೆ ಕರೆಂಟ್ ಹೋದರೂ ಸೇವ್ ಆದ ಕೆಲಸ ಉಳಿಯುತ್ತದೆ. ಮಕ್ಕಳಿಗೂ ಇದನ್ನೇ ಮೊದಲ ಪಾಠವಾಗಿ ಕಲಿಸಿ.