ಮೊಡವೆ ಮುಲಾಮು: ದುಡ್ಡು ಮದ್ದಿಗೋ, ಹೆಸರಿಗೋ?

ಸಂಜೆ ಕಾಲೇಜು ಬಿಡುವ ಹೊತ್ತಿಗೆ ಬಸ್ ನಿಲ್ದಾಣದ ಎದುರಿನ ಮೆಡಿಕಲ್ ಸ್ಟೋರುಗಳಲ್ಲಿ ಒಂದೇ ಮಾತು. "ಅಣ್ಣಾ, ಮೊಡವೆಗೆ ಒಳ್ಳೇ ಕಂಪನೀದು ಏನಾದ್ರೂ ಕೊಡಿ." ಪಕ್ಕದಲ್ಲೇ ಜನೌಷಧಿ ಕೇಂದ್ರವಿದ್ದರೂ ಅತ್ತ ಕಾಲಿಡಲು ಹಿಂಜರಿಕೆ. "ಅಗ್ಗದ್ದು, ಕೆಲಸ ಮಾಡುತ್ತೋ ಇಲ್ವೋ" ಎಂಬ ಗುಮಾನಿ.

ಈ 'ಕಂಪನಿ ಮಾಲಿ'ನ ಗುಟ್ಟು ತಿಳಿದರೆ ಗುಮಾನಿ ಅರ್ಧ ಇಳಿದೀತು. 1972ರಿಂದ 2005ರವರೆಗೆ ದೇಶದಲ್ಲಿ ಔಷಧ ವಸ್ತುವಿಗೆ ಪೇಟೆಂಟೇ ಇರಲಿಲ್ಲ. ಒಂದೇ ಮದ್ದನ್ನು ಹತ್ತು ಕಂಪನಿಗಳು ತಯಾರಿಸಿ ಹತ್ತು ಹೆಸರಿಟ್ಟವು. ಜನ 'ಒರಿಜಿನಲ್' ಎಂದು ನಂಬಿ ಕೊಳ್ಳುವ ಬಹಳಷ್ಟು ಬ್ರಾಂಡುಗಳೂ ಇಂಥವೇ. ಎರಡು ಜೆಲ್‌ಗಳ ಮೇಲೂ 'ಅಡಾಪಲೀನ್ ಶೇ. 0.1' ಎಂದಿದ್ದರೆ, ಮದ್ದಿನ ಮಟ್ಟಿಗೆ ಎರಡೂ ಒಂದೇ.

ಹಾಗಂತ ಮುಲಾಮು ಮಾತ್ರೆಯಂತಲ್ಲ. ಮದ್ದನ್ನು ಕಲಸಿದ ಜೆಲ್ಲು, ಕ್ರೀಮು ಕಂಪನಿಯಿಂದ ಕಂಪನಿಗೆ ಬೇರೆ. ಒಂದು ಮುಖ ಒಣಗಿಸಿ ಉರಿಸೀತು, ಇನ್ನೊಂದು ತಣ್ಣಗಿದ್ದೀತು. ಹಿತವಾದದ್ದಕ್ಕೆ ನಾಲ್ಕು ಕಾಸು ಹೆಚ್ಚು ಕೊಟ್ಟರೆ ತಪ್ಪಲ್ಲ. ಆದರೆ ಬೆಲೆ ಜಾಸ್ತಿ, ಶೇಕಡಾ ಜಾಸ್ತಿ ಎಂದ ಮಾತ್ರಕ್ಕೆ ಗುಣ ಜಾಸ್ತಿಯಲ್ಲ. ಬೆಂಜಾಯಿಲ್ ಪೆರಾಕ್ಸೈಡ್ ಶೇ. 2.5ರದ್ದು ಶೇ. 10ರದ್ದರಷ್ಟೇ ಹೆಚ್ಚುಕಡಿಮೆ ಕೆಲಸ ಮಾಡುತ್ತದೆ, ಉರಿ ಕಡಿಮೆ. (ಟವೆಲ್ಲು, ದಿಂಬಿನ ಚೀಲದ ಬಣ್ಣ ಹೋಗುವುದು ಮಾತ್ರ ಎರಡರಲ್ಲೂ ಇದ್ದದ್ದೇ!) ಯಾವುದನ್ನು ಹಚ್ಚಿದರೂ ಎರಡು-ಮೂರು ತಿಂಗಳು ತಾಳ್ಮೆ ಬೇಕು. ಹದಿನೈದು ದಿನಕ್ಕೊಂದು ಬ್ರಾಂಡು ಬದಲಿಸುವವರ ದುಡ್ಡು ನೀರಿಗೆ ಹಾಕಿದ ಹುಣಸೆಹಣ್ಣು.

ಇನ್ನೊಂದು ತೊಡಕುಂಟು. ಚೀಟಿಯಲ್ಲಿ ಬ್ರಾಂಡಿನ ಹೆಸರಿದ್ದರೆ ಅಂಗಡಿಯವರು ತಾವಾಗಿ ಬೇರೆಯದನ್ನು ಕೊಡುವಂತಿಲ್ಲ. ಡಾಕ್ಟರು ಜನರಿಕ್ ಹೆಸರನ್ನೇ ಬರೆಯಬೇಕೆಂಬ ನಿಯಮ 2023ರ ಆಗಸ್ಟಿನಲ್ಲಿ ಬಂತು, ಅದೇ ತಿಂಗಳಲ್ಲಿ ತಡೆಯೂ ಬಿತ್ತು. ಬರೆಸುವಾಗಲೇ "ಸಾರ್, ಮದ್ದಿನ ಹೆಸರಲ್ಲೇ ಬರ್ಕೊಡಿ" ಅಂದರೆ ಬಾಯಿ ಸವೆಯದು.

ಎಲ್ಲಕ್ಕಿಂತ ದೊಡ್ಡ ಪೀಡೆ ಚೀಟಿಯೇ ಇಲ್ಲದ ವ್ಯಾಪಾರ. "ಮುಖ ಬೆಳ್ಳಗೂ ಆಗುತ್ತೆ" ಎಂದು ಕೈಗಿಡುವ ಟ್ಯೂಬಿನಲ್ಲಿ ಎಷ್ಟೋ ಸಲ ಇರುವುದು ಬೀಟಾಮೆಥಸೋನ್, ಕ್ಲೋಬೆಟಾಸಾಲ್‌ನಂಥ ಸ್ಟೆರಾಯ್ಡು. ಮೊದಲು ಮುಖ ತಿಳಿಯಾಗುತ್ತದೆ. ಆಮೇಲೆ ಚರ್ಮ ತೆಳ್ಳಗಾಗಿ, ಕೆಂಪೇರಿ, ಮೊಡವೆ ಇನ್ನಷ್ಟು ಹೆಚ್ಚುತ್ತದೆ. ಬಿಟ್ಟರೆ ಉರಿ, ಹಚ್ಚಿದರೆ ಹಾನಿ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಮುಲಾಮುಗಳನ್ನು ಷೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿತು. ಅಂದರೆ ಚೀಟಿ ಇಲ್ಲದೆ ಮಾರುವಂತಿಲ್ಲ. ಔಷಧ ನಿಯಂತ್ರಣ ಇಲಾಖೆಯವರು ಒಂದು ಸಂಜೆ ಬಸ್ ನಿಲ್ದಾಣದ ಕಡೆ ಬಂದು ಹೋಗುವರೇ?