ಮೊಳಕೆ ಎಷ್ಟು ಕಡಿಮೆಯಾದರೆ ಬೀಜ ಕಳಪೆ?

ಮುಂಗಾರು ಬಂದಿತೆಂದರೆ ಬೀಜದ ತಕರಾರೂ ಬಂದಂತೆಯೇ. ಶೇಂಗಾ ಸರಿಯಾಗಿ ಹುಟ್ಟದಿದ್ದರೆ ರೈತರು ಬೀಜವೇ ಕಳಪೆ ಎನ್ನುತ್ತಾರೆ; ಮಾರಿದವರು ಭೂಮಿಯಲ್ಲಿ ಹದ ಇರಲಿಲ್ಲ ಎನ್ನುತ್ತಾರೆ. 1966ರ ಬೀಜ ಕಾಯ್ದೆಗೆ ಬದಲಾಗಿ ಹೊಸ ಕಾಯ್ದೆ ತರಲೆಂದು ಕೇಂದ್ರ ಸರ್ಕಾರ 2025ರ ನವೆಂಬರಿನಲ್ಲಿ ಮಸೂದೆಯ ಕರಡನ್ನು ಪ್ರಕಟಿಸಿ ಜನರ ಅಭಿಪ್ರಾಯ ಕೇಳಿತು. ಕಾಯ್ದೆ ಹಳೆಯದಿರಲಿ, ಹೊಸದಿರಲಿ, ಕೊನೆಗೆ ವಾದ ಬಂದು ನಿಲ್ಲುವುದು ಒಂದೇ ಅಂಕಿಗೆ: ನೂರಕ್ಕೆ ಎಷ್ಟು ಕಾಳು ಮೊಳೆತವು? ಈ ಅಂಕಿಯನ್ನು ಅಳೆಯುವ ಬಗೆ ರೈತರಿಗೂ ತಿಳಿದಿರಬೇಕು.

ಪ್ರಮಾಣಿತ ಶೇಂಗಾ ಬೀಜಕ್ಕೆ ಕನಿಷ್ಠ ಮೊಳಕೆ ಶೇಕಡಾ 70 ಇರಬೇಕು, ಭತ್ತಕ್ಕೆ 80. ಹಾಗೆಂದು ಶೇಂಗಾದ ನೂರು ಕಾಳು ಎಣಿಸಿಟ್ಟರೆ ಪ್ರತಿ ಸಲವೂ ಸರಿಯಾಗಿ 70 ಮೊಳೆಯುವುದಿಲ್ಲ. ಚೀಲದಲ್ಲಿ ಕೈಗೆ ಯಾವ ಕಾಳು ಸಿಕ್ಕಿತೆಂಬುದರ ಮೇಲೆ ಒಮ್ಮೆ 66, ಇನ್ನೊಮ್ಮೆ 73 ಬಂದೀತು. ಈ ಏರಿಳಿತ ಎಷ್ಟರವರೆಗೆ ಸಹಜ, ಎಲ್ಲಿಂದ ಮುಂದೆ ದೋಷ ಎಂಬುದಕ್ಕೆ ಸಂಖ್ಯಾಶಾಸ್ತ್ರದಲ್ಲಿ ಸುಲಭವಾದ ಲೆಕ್ಕವಿದೆ.

ಮೊಳೆಯಬೇಕಾದ ಕಾಳುಗಳ ಸಂಖ್ಯೆಯನ್ನು ಮೊಳೆಯದವುಗಳ ಸಂಖ್ಯೆಯಿಂದ ಗುಣಿಸಿ, ಇಟ್ಟ ಒಟ್ಟು ಕಾಳಿನಿಂದ ಭಾಗಿಸಿ, ವರ್ಗಮೂಲ ತೆಗೆಯಿರಿ. 70ನ್ನು 30ರಿಂದ ಗುಣಿಸಿ 100ರಿಂದ ಭಾಗಿಸಿದರೆ 21. ವರ್ಗಮೂಲ ಸುಮಾರು 4.6. ಇದರ ಎರಡರಷ್ಟು, ಅಂದರೆ 9 ಕಾಳು, ಸಹಜ ಏರಿಳಿತದ ಮಿತಿ. ಒಳ್ಳೆಯ ಬೀಜವನ್ನು ನೂರು ಸಲ ಪರೀಕ್ಷಿಸಿದರೆ ಸುಮಾರು 95 ಸಲ ಮೊಳಕೆ 61ರಿಂದ 79ರ ಒಳಗೇ ಬರುತ್ತದೆ.

ಆದ್ದರಿಂದ 64 ಬಂದರೆ ಅನುಮಾನ ಪಡಬಹುದು, ಆರೋಪಿಸಲಾಗದು. ಶೇಕಡಾ 70ರ ಬೀಜದಲ್ಲಿಯೂ ಸುಮಾರು ಒಂಬತ್ತು ಸಲಕ್ಕೆ ಒಮ್ಮೆ ಅಷ್ಟು ಅಥವಾ ಅದಕ್ಕೂ ಕಡಿಮೆ ಬರುವುದುಂಟು. 58 ಬಂದರೆ ಮಾತು ಬೇರೆ. ಒಳ್ಳೆಯ ಬೀಜದಲ್ಲಿ ಹಾಗಾಗುವುದು ನೂರಕ್ಕೆ ಒಂದು ಸಲಕ್ಕಿಂತಲೂ ಅಪರೂಪ. 58ನ್ನೇ ಹಿಡಿದು ಇದೇ ಲೆಕ್ಕ ಮಾಡಿದರೆ, ಆ ಬೀಜದ ನಿಜವಾದ ಮೊಳಕೆ 48ರಿಂದ 68ರ ನಡುವೆ ಇದ್ದೀತು. 70 ಅದರೊಳಗೆ ಸೇರುವುದಿಲ್ಲ.

ಹತ್ತೇ ಕಾಳು ಒದ್ದೆ ಬಟ್ಟೆಯಲ್ಲಿಟ್ಟು ತೀರ್ಮಾನಿಸುವ ರೂಢಿ ನಮ್ಮಲ್ಲಿದೆ. ಅಲ್ಲಿ ಏರಿಳಿತವೇ ಮೂರು ಕಾಳು. ಹತ್ತರಲ್ಲಿ ಐದೇ ಮೊಳೆತರೂ ಬೀಜ ಕಳಪೆಯೆಂದು ಸಾಬೀತಾಗದು. ಎಂಟು ಮೊಳೆತರೂ ಒಳ್ಳೆಯದೆಂಬ ಭರವಸೆಯಿಲ್ಲ. ಪ್ರಯೋಗಾಲಯದಲ್ಲಿ ನೂರರ ನಾಲ್ಕು ಭಾಗ ಮಾಡಿ 400 ಕಾಳು ಇಡುವುದು ಇದಕ್ಕಾಗಿಯೇ. ಕಾಳು ನಾಲ್ಕು ಪಟ್ಟಾದರೆ ಏರಿಳಿತ ಅರ್ಧಕ್ಕಿಳಿಯುತ್ತದೆ: ಶೇಕಡಾ 9 ಇದ್ದದ್ದು 4.6 ಆಗುತ್ತದೆ.

ಒಂದು ಎಚ್ಚರಿಕೆ. ಈ ಲೆಕ್ಕ ಅದೃಷ್ಟದ ಏರಿಳಿತಕ್ಕೆ ಮಾತ್ರ. ಒಂದೇ ಚೀಲದ ಮೇಲ್ಭಾಗದಿಂದ ಕಾಳು ತೆಗೆದರೆ, ಅಥವಾ ದಪ್ಪ ಕಾಳನ್ನೇ ಆರಿಸಿದರೆ, ಸಾವಿರ ಕಾಳು ಇಟ್ಟರೂ ಫಲವಿಲ್ಲ. ಒಂದೇ ತಂಡದ ಎಲ್ಲ ಚೀಲಗಳ ಮೇಲೆ, ನಡುವೆ, ತಳದಿಂದ ಸ್ವಲ್ಪ ಸ್ವಲ್ಪ ತೆಗೆದು ಬೆರೆಸಿ, ಆರಿಸದೆ ಎಣಿಸಬೇಕು.

ಬಿತ್ತನೆಗೆ ಹತ್ತು ಹನ್ನೆರಡು ದಿನ ಮೊದಲೇ ಒದ್ದೆ ಗೋಣಿಯ ಮೇಲೆ ಹತ್ತು ಸಾಲಿನಲ್ಲಿ ನೂರು ಕಾಳು ಇಟ್ಟು ಸುತ್ತಿಡಿ. ತೇವ ಆರದಂತೆ ನೋಡಿಕೊಳ್ಳಿ. ಹತ್ತನೆಯ ದಿನ ಎಣಿಸಿ. 61ಕ್ಕಿಂತ ಕಡಿಮೆ ಬಂದರೆ ಬಿತ್ತಬೇಡಿ. ರಸೀದಿ, ಚೀಲ, ಚೀಟಿಯೊಂದಿಗೆ ರೈತ ಸಂಪರ್ಕ ಕೇಂದ್ರಕ್ಕೆ ದೂರು ಕೊಡಿ. ನಿಮ್ಮ ಎಣಿಕೆ ಕಾನೂನಿನ ಸಾಕ್ಷಿಯಾಗದಿರಬಹುದು. ಆದರೆ ಬೀಜ ನಿರೀಕ್ಷಕರು ಮಾದರಿ ತೆಗೆದು ಪ್ರಯೋಗಾಲಯಕ್ಕೆ ಕಳುಹಿಸಬೇಕೆಂದು ಕೇಳಲು ಅದು ಗಟ್ಟಿ ಆಧಾರ. ಕಳಪೆ ಬೀಜಕ್ಕೆ ಗ್ರಾಹಕ ನ್ಯಾಯಾಲಯದಲ್ಲಿ ಪರಿಹಾರ ಕೇಳುವ ಹಕ್ಕು ರೈತರಿಗೆ ಇದೆಯೆಂದು ಸುಪ್ರೀಂ ಕೋರ್ಟು 2012ರಲ್ಲಿ ಎತ್ತಿಹಿಡಿದಿದೆ.

ಹೊಸ ಕಾಯ್ದೆಯಲ್ಲಿ ದಂಡ ಎಷ್ಟೇ ಏರಲಿ, ಎಣಿಕೆ ಸಡಿಲವಾಗಿದ್ದರೆ ತಪ್ಪಿತಸ್ಥರು ಜಾರಿಕೊಳ್ಳುತ್ತಾರೆ. ಬಿತ್ತಿದ ಮೇಲೆ ಕೂಗಾಡುವುದಕ್ಕಿಂತ ಬಿತ್ತುವ ಮುನ್ನ ನೂರು ಕಾಳು ಎಣಿಸುವುದು ಲೇಸು.