ಸಾಲ ಸಿಕ್ಕೀತು, ಗಿರಾಕಿ ಎಲ್ಲಿ?

ಮೊನ್ನೆ ತರಮಣಿ ಕಡೆ ಕೆಲಸವಿತ್ತು. ದಾರಿಯಲ್ಲಿ ಒಂದು ಮೊಬೈಲ್ ಅಂಗಡಿ ಕಾಣಿಸಿತು. 2020ರ ತನಕ ಆ ಜಾಗದಲ್ಲಿ ಕುಂದಾಪುರದವರೊಬ್ಬರ ಮೆಸ್ ಇತ್ತು. ಟೈಡೆಲ್ ಪಾರ್ಕ್ 2000ದಲ್ಲಿ ಶುರುವಾದ ಮೇಲೆ ಸಾಫ್ಟ್‌ವೇರ್ ಹುಡುಗರನ್ನು ನಂಬಿಕೊಂಡು ತೆರೆದ ಮೆಸ್ಸು. ನಾನು ಚೆನ್ನೈಗೆ ಬಂದು ಮೂವತ್ತು ವರ್ಷವಾಯಿತು. ನಮ್ಮ ಕಡೆಯ ಸಾರು, ಪಲ್ಯ ನೆನಪಾದಾಗಲೆಲ್ಲ ಅಲ್ಲಿಗೆ ಓಡುತ್ತಿದ್ದೆ. ಯಜಮಾನರ ಉಳಿತಾಯ ಖಾತೆ ನಮ್ಮ ಶಾಖೆಯಲ್ಲೇ ಇತ್ತು, ಆದರೆ ಒಂದು ರೂಪಾಯಿ ಸಾಲವೂ ಇರಲಿಲ್ಲ. "ಸಾಲ ಇಲ್ದೆ ಇಪ್ಪುದೇ ಸುಖ ಮಾರಾಯ್ರೆ" ಅನ್ನುತ್ತಿದ್ದರು. ಬ್ಯಾಂಕಿನವನಾದ ನನಗೆ ನಗು ಬರುತ್ತಿತ್ತು!

ಅವರ ಕಥೆ ನೆನಪಾಗಿಯೇ ಇದನ್ನು ಬರೆಯುತ್ತಿದ್ದೇನೆ. ಆರ್ಥಿಕ ಹಿಂಜರಿತ ಮುಗಿದ ಮರುವರ್ಷ ಸರ್ಕಾರ ಮೊದಲು ಯಾರ ಕಡೆ ನೋಡಬೇಕು? ನಾನು ಓದಿದ್ದು ಬರೀ ಬಿಕಾಂ, ಅರ್ಥಶಾಸ್ತ್ರಜ್ಞನಲ್ಲ. ಆದರೆ ಕೌಂಟರಿನ ಈಚೆಯಿಂದ ಕಂಡದ್ದನ್ನು ಹೇಳಬಲ್ಲೆ.

2020ರ ಏಪ್ರಿಲ್-ಜೂನ್ ತ್ರೈಮಾಸಿಕದಲ್ಲಿ ದೇಶದ ಉತ್ಪನ್ನ ಶೇ. 23.9ರಷ್ಟು ಕುಸಿಯಿತು ಎಂದು ಮೊದಲ ಅಂದಾಜು ಬಂತು. ಇಡೀ 2020-21ರ ಕುಸಿತ ಶೇ. 7.3 ಎಂದರು, ಆಮೇಲೆ ಆ ಅಂಕಿಯನ್ನು ಕೆಳಕ್ಕೆ ಪರಿಷ್ಕರಿಸಿದರು. ಈ ಮಧ್ಯೆ ಮೇ 2020ರಲ್ಲಿ ಕೇಂದ್ರ ಸರ್ಕಾರ 3 ಲಕ್ಷ ಕೋಟಿ ರೂಪಾಯಿಯ ತುರ್ತು ಸಾಲ ಖಾತರಿ ಯೋಜನೆ ಘೋಷಿಸಿತು. ಸಣ್ಣ ಉದ್ದಿಮೆಗಳಿಗೆ ಅಡಮಾನವಿಲ್ಲದೆ ಸಾಲ, ಬ್ಯಾಂಕಿಗೆ ನೂರಕ್ಕೆ ನೂರು ಗ್ಯಾರಂಟಿ. ಲೆಕ್ಕಾಚಾರ ಹೀಗಿತ್ತು: 2020ರ ಫೆಬ್ರವರಿ 29ರಂದು ನಿಮ್ಮ ಸಾಲದ ಬಾಕಿ ಎಷ್ಟಿದೆಯೋ ಅದರ ಶೇ. 20ರಷ್ಟು ಹೊಸ ಸಾಲ. ಹೋಟೆಲಿನವರಿಗೆ 2021ರ ಮಾರ್ಚಿನಲ್ಲಿ ಅದನ್ನು ಶೇ. 40ಕ್ಕೆ ಏರಿಸಿದರು.

ಸಾಲವೇ ಇಲ್ಲದವರಿಗೆ? ಸೊನ್ನೆಯ ಶೇ. 20 ಸೊನ್ನೆ, ಶೇ. 40 ಕೂಡ ಸೊನ್ನೆ!

ನಮ್ಮ ಮೆಸ್ಸಿನ ಯಜಮಾನರು 2020ರ ಅಕ್ಟೋಬರಿನಲ್ಲಿ ಶಾಖೆಗೆ ಬಂದರು. ಟಿವಿಯಲ್ಲಿ ನೋಡಿದ್ದರಂತೆ. ನಿಯಮ ತೋರಿಸಿ, ನಿಮಗೆ ಬರುವುದಿಲ್ಲ ಎಂದು ಹೇಳಬೇಕಾಯಿತು. ಅದೇ ವಾರ, ಮೊದಲೇ ಮೈತುಂಬ ಸಾಲ ಮಾಡಿಕೊಂಡಿದ್ದ ಇನ್ನೊಬ್ಬ ಗ್ರಾಹಕರಿಗೆ ಇದೇ ಯೋಜನೆಯಲ್ಲಿ ಮಂಜೂರಾತಿ ಪತ್ರಕ್ಕೆ ನಾನೇ ಸಹಿ ಹಾಕಿದ್ದೆ. ಮುದ್ರಾ ಸಾಲ ಕೇಳಬಹುದಿತ್ತಲ್ಲ ಎನ್ನುತ್ತೀರಿ. ಆದರೆ ವ್ಯಾಪಾರವೇ ನಿಂತ ಮೆಸ್ಸಿಗೆ ಯಾವ ಮೇನೇಜರ್ ಹೊಸ ಸಾಲ ಕೊಡುತ್ತಾನೆ? ನಾನೂ ಕೊಡಲಿಲ್ಲ. ಹೊರಡುವಾಗ ಅವರು ಹೇಳಿದ್ದು ಇಷ್ಟೇ: "ಸಾಲ ಸಿಕ್ಕಿರೂ ಎಂತ ಮಾಡೂದ್ ಮಾರಾಯ್ರೆ? ಉಂಬುಕೆ ಜನ ಬೇಕಲೆ!"

ಆ ಮಾತು ಇಂದಿಗೂ ನನ್ನನ್ನು ಕಾಡುತ್ತದೆ. ಹುಡುಗರೆಲ್ಲ ಲ್ಯಾಪ್‌ಟಾಪ್ ಹಿಡಿದು ಊರಿಗೆ ಹೋಗಿದ್ದರು. ಉಳಿದ ವಾಚ್‌ಮನ್‌ಗಳು, ಡ್ರೈವರ್‌ಗಳ ಜೇಬು ಖಾಲಿ.

ಇನ್ನು 2021ರ ಫೆಬ್ರವರಿ 1ರ ಬಜೆಟ್ ನೋಡಿ. ನಿರ್ಮಲಾ ಸೀತಾರಾಮನ್ ಅವರು ಬಂಡವಾಳ ವೆಚ್ಚಕ್ಕೆ 5.54 ಲಕ್ಷ ಕೋಟಿ ಇಟ್ಟರು. ಉದ್ಯೋಗ ಖಾತರಿಗೆ ಹಿಂದಿನ ವರ್ಷದ ಪರಿಷ್ಕೃತ ಅಂದಾಜು 1,11,500 ಕೋಟಿ ಇದ್ದದ್ದು 73,000 ಕೋಟಿಗೆ ಇಳಿಯಿತು. ಆ ಯೋಜನೆ ಹೇಗೂ ಹಳ್ಳಿಗೆ ಮಾತ್ರ. ಪಟ್ಟಣದಲ್ಲಿ ಕೆಲಸ ಕಳೆದುಕೊಂಡವನಿಗೆ ಅದೂ ಇರಲಿಲ್ಲ. ನಮ್ಮ ಚೆನ್ನೈಗೆ ಸಿಕ್ಕ ದೊಡ್ಡ ಘೋಷಣೆ ಮೆಟ್ರೋ ಎರಡನೇ ಹಂತ: 118.9 ಕಿ.ಮೀ., 63,246 ಕೋಟಿ. ನನಗೂ ಖುಷಿಯಾಗಿತ್ತು. ಆದರೆ ಅದಕ್ಕೆ ಕೇಂದ್ರ ಸಂಪುಟದ ಒಪ್ಪಿಗೆ ಬಂದದ್ದು 2024ರ ಅಕ್ಟೋಬರಿನಲ್ಲಿ! ಅಲ್ಲಿಯವರೆಗೆ ಖರ್ಚಿನ ಹೊರೆ ರಾಜ್ಯದ ತಲೆಯ ಮೇಲೆಯೇ ಇತ್ತು.

ರಸ್ತೆ, ಸೇತುವೆ, ಮೆಟ್ರೋ ಬೇಡ ಎನ್ನುವಷ್ಟು ದಡ್ಡ ನಾನಲ್ಲ. ಅದರಿಂದ ಸಿಮೆಂಟು, ಉಕ್ಕು, ಕೂಲಿ ಎಲ್ಲಕ್ಕೂ ಚಾಲನೆ ಸಿಗುತ್ತದೆ, ಮುಂದಿನ ಪೀಳಿಗೆಗೆ ಆಸ್ತಿಯಾಗುತ್ತದೆ. ಕೇಂದ್ರ ಏನೂ ಕೊಡಲಿಲ್ಲ ಎಂದೂ ಹೇಳುತ್ತಿಲ್ಲ. ತಲೆಗೆ 5 ಕೆಜಿ ಉಚಿತ ಧಾನ್ಯ ಎಷ್ಟೋ ಮನೆಗಳ ಒಲೆ ಉರಿಸಿತು. ಬೀದಿ ವ್ಯಾಪಾರಿಗಳಿಗೆ 10,000 ರೂಪಾಯಿ ಸಾಲವೂ ಬಂತು. ನನ್ನ ತಕರಾರು ಯಾವುದು ಮೊದಲು ಎಂಬುದರ ಬಗ್ಗೆ ಮಾತ್ರ. ಮೆಟ್ರೋ ಹಣ ಮೆಸ್ಸಿನ ಊಟದ ಎಲೆಯವರೆಗೆ ಬರಲು ವರ್ಷಗಳು ಬೇಕು. ಕೈಗೆ ಕೊಟ್ಟ ಹಣ ಅದೇ ವಾರ ಬೀದಿಗೆ ಬರುತ್ತದೆ.

ಇದನ್ನು ಕಣ್ಣಾರೆ ಕಂಡೆ. 2021ರ ಮೇ ತಿಂಗಳಲ್ಲಿ ಸ್ಟಾಲಿನ್ ಸರ್ಕಾರ ಬಂದ ಕೂಡಲೇ ಅಕ್ಕಿ ಕಾರ್ಡಿನ 2 ಕೋಟಿಗೂ ಹೆಚ್ಚು ಕುಟುಂಬಗಳಿಗೆ ಎರಡು ಕಂತುಗಳಲ್ಲಿ 4,000 ರೂಪಾಯಿ ಕೊಟ್ಟಿತು. "ಎಲ್ಲಾ ಟಾಸ್ಮಾಕ್‌ಗೆ ಹೋಗುತ್ತೆ ಸಾರ್" ಅಂದರು ನಮ್ಮ ಶಾಖೆಯ ಸಹೋದ್ಯೋಗಿಯೊಬ್ಬರು. ತಮಾಷೆ ಏನೆಂದರೆ, ಮೊದಲ ಕಂತು ಬಂದಾಗ ಲಾಕ್‌ಡೌನಿನಿಂದಾಗಿ ಟಾಸ್ಮಾಕ್‌ಗೇ ಬೀಗ ಬಿದ್ದಿತ್ತು! ನಮ್ಮ ಮನೆಕೆಲಸದಾಕೆ ಅದರಲ್ಲಿ ಕಿರಾಣಿ ಅಂಗಡಿಯ ಹಳೇ ಬಾಕಿ ತೀರಿಸಿದಳು. ಅಂಗಡಿಯವನು ನಮ್ಮ ಬ್ಯಾಂಕಿಗೆ ಕಂತು ಕಟ್ಟಿದ. ಒಂದೇ ನೋಟು ಇಬ್ಬರ ಸಾಲ ಇಳಿಸಿತು ನೋಡಿ!

ಹಣ ಎಲ್ಲಿಂದ ತರುವುದು ಎಂಬ ಪ್ರಶ್ನೆ ನ್ಯಾಯವಾದದ್ದೇ. 2021ರ ಆಗಸ್ಟಿನಲ್ಲಿ ಪಳನಿವೇಲ್ ತ್ಯಾಗರಾಜನ್ ಅವರು ಹೊರಡಿಸಿದ ಶ್ವೇತಪತ್ರದ ಪ್ರಕಾರ ತಮಿಳುನಾಡಿನ ಪ್ರತಿ ಕುಟುಂಬದ ತಲೆ ಮೇಲೆ ಸುಮಾರು 2.63 ಲಕ್ಷ ರೂಪಾಯಿ ಸಾರ್ವಜನಿಕ ಸಾಲವಿತ್ತು. ಹಾಗಾಗಿ ಇಂಥ ನೆರವು ವರ್ಷಗಟ್ಟಲೆ ನಡೆಯಬಾರದು. ಹಿಂಜರಿತದ ಮರುವರ್ಷಕ್ಕೆ ಮಾತ್ರ ಇರಲಿ, ಇಂಥ ದಿನ ನಿಲ್ಲುತ್ತದೆ ಎಂದು ಮೊದಲೇ ಹೇಳಲಿ.

ಇನ್ನೊಮ್ಮೆ ಹಿಂಜರಿತ ಬಂದೇ ಬರುತ್ತದೆ. ಆಗ ನನ್ನ ಪಟ್ಟಿ ಇದು. ಮೊದಲು, ಕೆಲಸ ಹೋದವರ ಕೈಗೆ ಒಂದಿಷ್ಟು ನಗದು, ಪಟ್ಟಣದಲ್ಲೂ ದಿನಗೂಲಿ ಕೆಲಸ. ಎರಡನೆಯದು, ಖಾತರಿ ಸಾಲ. ಆದರೆ ಅಳತೆಗೋಲು ಹಳೇ ಸಾಲವಲ್ಲ, ಹಿಂದಿನ ವರ್ಷದ ವಹಿವಾಟು. ಖಾತೆಯ ಸ್ಟೇಟ್‌ಮೆಂಟ್ ನೋಡಿದರೆ ಮೆಸ್ಸಿನ ವ್ಯಾಪಾರ ಎಷ್ಟಿತ್ತೆಂದು ನನಗೆ ಐದು ನಿಮಿಷದಲ್ಲಿ ಗೊತ್ತಾಗುತ್ತಿತ್ತು. ಮೂರನೆಯದು ಮೆಟ್ರೋ, ಹೆದ್ದಾರಿ ಇತ್ಯಾದಿ.

ಯಜಮಾನರು 2021ರ ಜುಲೈಯಲ್ಲಿ ಪಾತ್ರೆಗಳನ್ನು ತೂಕಕ್ಕೆ ಮಾರಿ ಊರಿಗೆ ಹೋದರು. ಅಡುಗೆಯ ಇಬ್ಬರು, ಬಡಿಸುವ ಮೂವರು ಮಾಣಿಗಳು ಎಲ್ಲಿಗೆ ಹೋದರೋ ತಿಳಿಯದು. ಹುಡುಗರು ಆಫೀಸಿಗೆ ವಾಪಸು ಬರಲು ಶುರುವಾದದ್ದು ಮರುವರ್ಷ. ಅಲ್ಲಿಯವರೆಗೆ ತಡೆದುಕೊಳ್ಳಲು ಬೇಕಿದ್ದದ್ದು ಬಾಡಿಗೆಯ ಹಣ ಮಾತ್ರ.

ಆಗಾಗ ಫೋನ್ ಮಾಡುತ್ತಾರೆ. ಈಗಲೂ ಸಾಲ ಇಲ್ಲವಂತೆ. ನನಗೆ ಈಗ ನಗು ಬರುವುದಿಲ್ಲ.

ನೀವೇನಂತೀರಿ? ನಿಮ್ಮ ಊರಲ್ಲೂ ಹೀಗೆ ಮುಚ್ಚಿದ ಮೆಸ್ಸು, ಅಂಗಡಿ ಇದ್ದರೆ ತಿಳಿಸಿ.